ಶಾಲೆಗೊಂದು ಪಹಣಿ

ನಮ್ಮೂರ ಸರ್ಕಾರಿ ಶಾಲೆಗೆ ಬೆಳಿಗ್ಗೆ ಮಕ್ಕಳಿಗಿಂತ ಮೊದಲು ಎಮ್ಮೆಗಳು ಬರುತ್ತವೆ. ಕೆರೆಗೆ ಹೋಗಲು ಅದೇ ಹತ್ತಿರದ ದಾರಿ. ಬಿಸಿಯೂಟದ ಅಕ್ಕ ಒಲೆ ಹಚ್ಚುವ ಮೊದಲು ಅಂಗಳದಿಂದ ಒಂದು ಬುಟ್ಟಿ ಸಗಣಿ ಎತ್ತುತ್ತಾರೆ. 2022ರಲ್ಲಿ ನಾನು ಶಾಲೆಯ ಉಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿ ಸದಸ್ಯನಾದಾಗ ಮೊದಲ ಮೀಟಿಂಗ್‌ನಲ್ಲಿ ಬಾಯಿ ಬಿಟ್ಟಿದ್ದೇ ಇದಕ್ಕೆ. "ಒಂದು ಕಾಂಪೌಂಡ್ ಹಾಕಿಸೋಣ, ಅದರಲ್ಲೇನಿದೆ?" ಅಂದೆ.

ಅದರಲ್ಲೇನಿದೆ ಅಂತ ತಿಳಿಯೋಕೆ ಎರಡು ವರ್ಷ ಹಿಡಿಯಿತು.

ನಮ್ಮದು ಚಿಕ್ಕಬಳ್ಳಾಪುರ ಜಿಲ್ಲೆಯ ಸಣ್ಣ ಊರು. ನೂರರ ಆಸುಪಾಸು ಮನೆ, ಅದರಲ್ಲಿ ರೇಷ್ಮೆ ಹುಳು ಸಾಕದ ಮನೆ ಕಡಿಮೆ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಶಿಡ್ಲಘಟ್ಟದ ಗೂಡಿನ ಮಾರ್ಕೆಟ್‌ಗೆ ಹೋದರೆ ಇವೆರಡರ ಜೊತೆ ಉರ್ದು. ಶಾಲೆ ಒಂದರಿಂದ ಐದನೇ ತರಗತಿವರೆಗೆ. ಇಬ್ಬರು ಟೀಚರು, 27 ಮಕ್ಕಳು.

ಆ 27ರಲ್ಲಿ ನನ್ನ ಮಗನೂ ಒಬ್ಬ. ಮಗಳು ಮೇನ್ ರೋಡಿನ ಇಂಗ್ಲಿಷ್ ಶಾಲೆಗೆ ವ್ಯಾನ್‌ನಲ್ಲಿ ಹೋಗುತ್ತಾಳೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಟೀ ಅಂಗಡಿಯಲ್ಲಿ ನನಗೆ ಮೊದಲು ಬಿದ್ದ ಏಟು ಇದೇ. "ಮಗಳನ್ನ ವ್ಯಾನ್ ಹತ್ತಿಸಿ ಇಲ್ಲಿ ಸರ್ಕಾರಿ ಶಾಲೆ ಉಳಿಸೋಕೆ ಬಂದವ್ನೆ ನೋಡು." ಮಗಳಿಗೆ 2017ರಲ್ಲಿ ಶಿಕ್ಷಣ ಹಕ್ಕು ಕಾಯಿದೆಯಡಿ, ಅಂದರೆ ಆರ್‌ಟಿಇ ಸೀಟು ಸಿಕ್ಕಿತ್ತು, ಎಂಟನೇ ತರಗತಿವರೆಗೆ ಫೀಸಿಲ್ಲ. ಮಗನನ್ನೂ ಹಾಗೇ ಸೇರಿಸೋಣ ಅಂತಿದ್ದೆ. ಅಷ್ಟರಲ್ಲಿ ನಿಯಮ ಬದಲಾಯಿತು. ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಆರ್‌ಟಿಇ ಸೀಟು ಇಲ್ಲ ಅಂತ 2019ರಿಂದ ಆಯಿತು. ಹಾಗಾಗಿ ಮಗ ಸರ್ಕಾರಿ ಶಾಲೆಗೆ ಬಂದ. ಅವನ ಹಿಂದೆ ನಾನೂ ಬಂದೆ. ಆದರ್ಶ ಗೀದರ್ಶ ಏನೂ ಇಲ್ಲ. ಆದರೆ ಒಮ್ಮೆ ಒಳಗೆ ಬಂದ ಮೇಲೆ ಕಣ್ಣಿಗೆ ಬೀಳುವುದನ್ನು ಬಿಡಲು ಆಗಲಿಲ್ಲ.

ಎಸ್‌ಡಿಎಂಸಿ ಬಗ್ಗೆ ಒಂದು ಮಾತು. ಸಮಿತಿಯಲ್ಲಿ ಮುಕ್ಕಾಲು ಪಾಲು ತಂದೆತಾಯಿಗಳೇ ಇರಬೇಕು, ಅರ್ಧ ಹೆಂಗಸರಿರಬೇಕು ಅಂತ ಶಿಕ್ಷಣ ಹಕ್ಕು ಕಾಯಿದೆ ಹೇಳುತ್ತದೆ. ನಮ್ಮಲ್ಲೂ ಹೆಂಗಸರಿದ್ದರು, ಪುಸ್ತಕದಲ್ಲಿ. ಮೀಟಿಂಗ್‌ಗೆ ಅವರ ಗಂಡಂದಿರು ಬರುತ್ತಿದ್ದರು. ಒಂದು ದಿನ ಹೆಡ್ ಮೇಡಂ ರಿಜಿಸ್ಟರ್ ಮುಚ್ಚಿಟ್ಟು, "ನಿಮ್ಮ ಮನೆಯವರನ್ನ ಕಳಿಸಿ, ಆಮೇಲೆ ಮೀಟಿಂಗ್ ಮಾಡೋಣ" ಅಂದರು. ಅವತ್ತಿನಿಂದ ಹೆಂಗಸರೇ ಬಂದರು. ಮುಂದೆ ಕೆಲಸ ನಡೆದದ್ದೂ ಅವರಿಂದಲೇ.

ಕಾಂಪೌಂಡ್ ವಿಷಯ ಪಂಚಾಯ್ತಿಗೆ ಒಯ್ದೆವು. ಪಿಡಿಒ, ಅಂದರೆ ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ, ಒಳ್ಳೆಯ ಮನುಷ್ಯ. "ನರೇಗಾದಲ್ಲಿ ಶಾಲೆ ಕಾಂಪೌಂಡ್ ತಗೋಬಹುದು, ಗ್ರಾಮಸಭೆಯಲ್ಲಿ ಹೆಸರು ಹಾಕ್ಸಿ. ಜೊತೆಗೆ ಶಾಲೆ ಜಾಗದ ಪಹಣಿ ಕೊಡಿ" ಅಂದರು. ಗ್ರಾಮಸಭೆಯಲ್ಲಿ ಹೆಸರು ಬಂತು. ಪಹಣಿ, ಅಂದರೆ ಜಮೀನಿನ ಕಂದಾಯ ದಾಖಲೆ, ಮಾತ್ರ ಬರಲಿಲ್ಲ. ಮೊಬೈಲ್‌ನಲ್ಲಿ ಸರ್ವೆ ನಂಬರ್ ಹಾಕಿ ನೋಡಿದೆ. ಒಂಬತ್ತನೇ ಕಾಲಂ ಅಂದರೆ ಜಮೀನಿನ ಯಜಮಾನರ ಹೆಸರು ಇರುವ ಜಾಗ. ಅಲ್ಲಿ ತೋಟದ ಮನೆ ತಾತನ ಹೆಸರಿತ್ತು. ತಾತ ತೀರಿಕೊಂಡು ಮೂವತ್ತು ವರ್ಷದ ಮೇಲಾಯಿತು. ಶಾಲೆಯ ಹೆಸರು ಎಲ್ಲೂ ಇಲ್ಲ. ಹಕ್ಕು, ಋಣ ಬರೆಯುವ ಹನ್ನೊಂದನೇ ಕಾಲಂನಲ್ಲೂ ಇಲ್ಲ. ದಾಖಲೆಯ ಪ್ರಕಾರ ನಮ್ಮ ಮಕ್ಕಳು ದಿನಾ ಸತ್ತವರ ಹೊಲದಲ್ಲಿ ಕೂತು ಮಗ್ಗಿ ಹೇಳುತ್ತಿದ್ದರು.

ತೋಟದ ಮನೆ ತಾತ ಶಾಲೆಗೆ ಜಾಗ ದಾನ ಕೊಟ್ಟಿದ್ದು ಊರಿಗೆಲ್ಲ ಗೊತ್ತು. ನಾವು ಓದುವಾಗ ಆಗಸ್ಟ್ 15ಕ್ಕೆ ಅವರನ್ನು ಕುರ್ಚಿ ಮೇಲೆ ಕೂರಿಸಿ ಹಾರ ಹಾಕುತ್ತಿದ್ದೆವು. ಹಾಗಾದರೆ ಕಾಗದ ಎಲ್ಲಿ? ಕೇಳಿದವರೆಲ್ಲ ಒಂದೇ ಮಾತು ಹೇಳಿದರು. "ಇರಬೇಕು, ನೋಡಿ."

ಮೊದಲು ತಾತನ ಮೊಮ್ಮಗನ ಹತ್ತಿರ ಹೋದೆ. ನನಗಿಂತ ಚಿಕ್ಕವನು, ನನ್ನನ್ನು ಭಾವ ಅಂತ ಕರೆಯುತ್ತಾನೆ. ಹಾಲಿನ ಡೈರಿ ಮುಂದೆ ಬೈಕ್ ಮೇಲೆ ಕೂತಿದ್ದ. ವಿಷಯ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಷ್ಟು ಗುಂಟೆ ಭಾವ?" ಅಂದ. ಇಪ್ಪತ್ತು ಅಂತಾರೆ ಅಂದೆ. "ಇಪ್ಪತ್ತು ಗುಂಟೆ ಅಂದ್ರೆ 21,780 ಚದರಡಿ" ಅಂದ. ಯೋಚನೆ ಮಾಡಿ ಹೇಳಿದ ಲೆಕ್ಕ ಅಲ್ಲ ಅದು. ಮೊದಲೇ ಹಾಕಿಟ್ಟುಕೊಂಡಿದ್ದ ಲೆಕ್ಕ.

ಅವನನ್ನು ಬೈಯುವುದು ಸುಲಭ. ದೇವನಹಳ್ಳಿ ವಿಮಾನ ನಿಲ್ದಾಣ 2008ರಲ್ಲಿ ಶುರುವಾಯಿತು. ಆಮೇಲೆ ನಮ್ಮ ಕಡೆ ಜಮೀನಿನ ಮಾತು ಎಕರೆಯಿಂದ ಗುಂಟೆಗೆ, ಗುಂಟೆಯಿಂದ ಚದರಡಿಗೆ ಇಳಿಯಿತು. ಅವನಿಗೆ ಇಬ್ಬರು ತಂಗಿಯರ ಮದುವೆಯ ಸಾಲ ಇದೆ. ಬೋರ್‌ವೆಲ್ ಎರಡು ಸಲ ಒಣಗಿದೆ. "ತಾತ ಬಾಯಲ್ಲಿ ಹೇಳಿರಬಹುದು. ಪೇಪರ್ ಇದ್ರೆ ತೋರ್ಸಿ, ನಾನೇ ಸೈನ್ ಹಾಕ್ತೀನಿ. ಇಲ್ಲದಿದ್ರೆ ಸುಮ್ನಿರಿ" ಅಂದ. ನನಗೂ ಅದು ನ್ಯಾಯ ಅನ್ನಿಸಿತು.

ಆಮೇಲೆ ಶಾಲೆಯ ಕಬ್ಬಿಣದ ಬೀರು. ಕೀ ಕಳೆದು ಎಷ್ಟೋ ವರ್ಷ ಆಗಿತ್ತು, ಹಿಂದಿನಿಂದ ತಗಡು ಬಿಚ್ಚಿದೆವು. ದಾಖಲಾತಿ ರಿಜಿಸ್ಟರುಗಳು, ಹಾಜರಿ ಪುಸ್ತಕಗಳು, ಗೆದ್ದಲು ತಿಂದು ಜಾಲರಿಯಾದ ಒಂದು ಭೂಪಟ. ಎಲ್ಲಕ್ಕಿಂತ ಕೆಳಗೆ ಇನ್‌ಸ್ಪೆಕ್ಟರುಗಳು ಭೇಟಿ ಕೊಟ್ಟಾಗ ಬರೆಯುತ್ತಿದ್ದ ಪುಸ್ತಕ. ಹೆಡ್ ಮೇಡಂ ಒಂದೊಂದೇ ಹಾಳೆ ತಿರುವುತ್ತಾ ಓದಿದರು. "ಮಕ್ಕಳ ಉಚ್ಚಾರಣೆಯಲ್ಲಿ ತೆಲುಗಿನ ಛಾಯೆ ಇದೆ, ತಿದ್ದತಕ್ಕದ್ದು." ಅದು ಇನ್ನೂ ತಿದ್ದಿಲ್ಲ, ನನ್ನದೂ ಸೇರಿ. ಇನ್ನೊಂದು ಪುಟದಲ್ಲಿ, 1970ರಲ್ಲಿ ಬರೆದದ್ದು: "ಸ್ಥಳದ ದಾನಪತ್ರ ರಿಜಿಸ್ಟರಾಗಿದೆ ಎಂದು ಮುಖ್ಯೋಪಾಧ್ಯಾಯರು ತಿಳಿಸಿದರು." ನಂಬರ್ ಇಲ್ಲ, ತಾರೀಖು ಇಲ್ಲ. ಆದರೆ ರಿಜಿಸ್ಟರ್ ಆಗಿದೆ ಅನ್ನುವ ಒಂದು ಪದ ಸಿಕ್ಕಿತು. ಅದು ಸಾಕಾಯಿತು.

ಇಲಾಖೆಯ ಕಚೇರಿಯಲ್ಲಿ ಪ್ರತಿ ಇರಬೇಕಲ್ಲ ಅಂತ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. 10 ರೂಪಾಯಿ ಪೋಸ್ಟಲ್ ಆರ್ಡರ್. ಕರ್ನಾಟಕದಲ್ಲಿ ಅರ್ಜಿ 150 ಪದದೊಳಗಿರಬೇಕು, ಒಂದೇ ವಿಷಯ ಕೇಳಬೇಕು. ನನ್ನ ಮೊದಲ ಅರ್ಜಿಯಲ್ಲಿ ಊರಿನ ಇತಿಹಾಸವೇ ಇತ್ತು. ಮಗಳು ಕೂತು ಮೂರು ಸಾಲಿಗೆ ಇಳಿಸಿದಳು. ಮೂವತ್ತು ದಿನದೊಳಗೆ ಉತ್ತರ ಕೊಡಬೇಕು, 28ನೇ ದಿನ ಬಂತು. "ಸದರಿ ದಾಖಲೆ ಈ ಕಚೇರಿಯಲ್ಲಿ ಲಭ್ಯವಿರುವುದಿಲ್ಲ." ಮೇಲ್ಮನವಿ ಹಾಕಬಹುದಿತ್ತು. ಹಾಕಲಿಲ್ಲ. ಇಲ್ಲದ್ದನ್ನು ಎಷ್ಟು ಸಲ ಕೇಳಿದರೂ ಇಲ್ಲವೇ.

ರಿಜಿಸ್ಟರ್ ಆಗಿದ್ದರೆ ಅದು ಇರಬೇಕಾದ್ದು ಸಬ್‌ರಿಜಿಸ್ಟ್ರಾರ್ ಆಫೀಸಿನಲ್ಲಿ. ಆನ್‌ಲೈನ್‌ನಲ್ಲಿ ಅಷ್ಟು ಹಿಂದಿನದು ಸಿಗುವುದಿಲ್ಲ. ಹಳೆಯದಕ್ಕೆ ಅರ್ಜಿ ಕೊಟ್ಟು, ವರ್ಷಕ್ಕಿಷ್ಟು ಅಂತ ಫೀಸ್ ಕಟ್ಟಿ, ಪುಸ್ತಕ ಹುಡುಕಿಸಬೇಕು. 1965ರಿಂದ 1975ರವರೆಗೆ ಇಸಿ, ಅಂದರೆ ಆ ಜಮೀನಿನ ಮೇಲೆ ನಡೆದ ವ್ಯವಹಾರಗಳ ಪಟ್ಟಿ, ಕೇಳಿದೆ. ಎರಡು ವಾರ ಬಿಟ್ಟು ಫಾರಂ 16 ಬಂತು. ನಮ್ಮ ಕಡೆ ಲೋನ್ ತಗೊಂಡವರಿಗೆಲ್ಲ ಗೊತ್ತು, ಫಾರಂ 15 ಅಂದರೆ ವ್ಯವಹಾರ ಇದೆ, 16 ಅಂದರೆ ಏನೂ ಇಲ್ಲ. ಆ ಹತ್ತು ವರ್ಷದಲ್ಲಿ ಆ ಜಮೀನಿನ ಮೇಲೆ ಏನೂ ನಡೆದಿಲ್ಲ.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಮೊಮ್ಮಗ ಹೇಳಿದ್ದೇ ಸರಿಯಾ? ಬೀರಿನ ಪುಸ್ತಕದಲ್ಲಿ ಬರೆದದ್ದು ಹೆಡ್ ಮೇಷ್ಟ್ರು ಸುಮ್ನೆ ಬಾಯಿ ಮಾತಿಗೆ ಹೇಳಿದ್ದಾ?

ಗಂಟು ಬಿಡಿಸಿದ್ದು ನಮ್ಮಪ್ಪ. ಹಟ್ಟಿಯಲ್ಲಿ ಹಿಪ್ಪುನೇರಳೆ ಸೊಪ್ಪು ಕತ್ತರಿಸುತ್ತಾ, ತಲೆ ಎತ್ತದೆ ಕೇಳಿದರು. "ಯಾವ ನಂಬರ್ ಹಾಕಿದೆ?" 47/2 ಅಂದೆ. "ಅದು ಎರಡು ಆಗಿದ್ದು ಆಮೇಲೆ ಕಣೋ. ಪಾಲಾದಾಗ ಪೋಡಿ ಮಾಡಿಸಿ ನಂಬರ್ ಒಡೆಸಿದ್ರು. ಆಗ ಬರೀ ನಲವತ್ತೇಳು." ಅಷ್ಟೇ. ನಾನು ಇಂದಿನ ನಂಬರಿನಿಂದ ಅಂದಿನ ಜಮೀನು ಹುಡುಕಿಸಿದ್ದೆ. ಮನೆಯ ಬಾಗಿಲ ನಂಬರ್ ಬದಲಾದ ಮೇಲೆ ಹಳೇ ಕಾಗದ ಹುಡುಕಿಕೊಂಡು ಹೋದ ಹಾಗೆ. ತಾಲ್ಲೂಕು ಕಚೇರಿ ರೆಕಾರ್ಡ್ ರೂಮಿನಿಂದ ಕೈಬರಹದ ಪಹಣಿ ತೆಗೆಸಿದೆ. ಅಪ್ಪ ಹೇಳಿದ್ದು ಸರಿ. ಬರೀ 47.

ಮತ್ತೆ ಅರ್ಜಿ, ಮತ್ತೆ ಫೀಸ್. ಈ ಸಲ ನಾನೇ ಎದುರು ನಿಂತೆ. ಹುಡುಕುವವರು ಇನ್ನೇನು ರಿಟೈರ್ ಆಗುವ ವಯಸ್ಸಿನವರು. ಇಂಡೆಕ್ಸ್ ಪುಸ್ತಕ ಅಂದರೆ ಎರಡು ಕೈಯಲ್ಲಿ ಎತ್ತುವಂಥದ್ದು, ಬಟ್ಟೆ ಬೈಂಡು, ಮೂಲೆಗಳು ಹಪ್ಪಳದ ಹಾಗೆ ಮುರಿಯುತ್ತವೆ. ಅವರು ಹಾಳೆ ತಿರುವಲು ನಾಲಿಗೆಗೆ ಬೆರಳು ತಾಗಿಸುತ್ತಿರಲಿಲ್ಲ, ಪಕ್ಕದಲ್ಲಿ ಒದ್ದೆ ಸ್ಪಾಂಜ್ ಇಟ್ಟ ಸಣ್ಣ ಡಬ್ಬಿ. ಬೆರಳು ಹೆಸರುಗಳ ಮೇಲೆ ಇಳಿಯುತ್ತಾ ಹೋಗುತ್ತಿತ್ತು. 1966 ಇಲ್ಲ. 67 ಇಲ್ಲ. 68ಕ್ಕೆ ಬಂದಾಗ ಟೀ ಬಂತು, ಕುಡಿದರು, ನನಗೂ ಅರ್ಧ ಕೊಟ್ಟರು. 1969ರಲ್ಲಿ ಬೆರಳು ನಿಂತಿತು. "ತಂದೆ ಹೆಸರು ಇನ್ನೊಂದ್ಸಲ ಹೇಳಿ" ಅಂದರು. ಹೇಳಿದೆ. "ಬನ್ನಿ, ನೋಡಿ ನಿಮ್ಮ ತಾತನ್ನ" ಅಂದರು. ನಮ್ಮ ತಾತ ಅಲ್ಲ ಅಂತ ಹೇಳಲು ಹೋಗಲಿಲ್ಲ.

ದೃಢೀಕೃತ ನಕಲು ಕೈಗೆ ಬಂದ ದಿನ ಬಸ್‌ಸ್ಟ್ಯಾಂಡ್ ಕಟ್ಟೆ ಮೇಲೆ ಕೂತು ಮೂರು ಸಲ ಓದಿದೆ. ಮೈಸೂರು ರಾಜ್ಯ, ಕೋಲಾರ ಜಿಲ್ಲೆ ಅಂತ ಶುರು. ರಾಜ್ಯಕ್ಕೆ ಕರ್ನಾಟಕ ಅಂತ ಹೆಸರು ಬಂದದ್ದು 1973ರಲ್ಲಿ, ಚಿಕ್ಕಬಳ್ಳಾಪುರ ಜಿಲ್ಲೆ ಆದದ್ದು 2007ರಲ್ಲಿ. ಪತ್ರಕ್ಕೆ ಅದೇನೂ ಗೊತ್ತಿಲ್ಲ. ಸರ್ವೆ ನಂಬರ್ 47ರ ಪೈಕಿ ಇಪ್ಪತ್ತು ಗುಂಟೆ, ವಿದ್ಯಾ ಇಲಾಖೆಗೆ, ಊರ ಮಕ್ಕಳ ಶಾಲೆ ಸಲುವಾಗಿ. ಕೊನೆಗೆ ತಾತನ ಎಡಗೈ ಹೆಬ್ಬೆಟ್ಟು, ಇಬ್ಬರು ಸಾಕ್ಷಿಗಳ ರುಜು. ನಡುವೆ ಒಂದು ಸಾಲು ಓದಿ ನಕ್ಕುಬಿಟ್ಟೆ. "ಸದರಿ ಸ್ವತ್ತನ್ನು ತಾವು ಪುತ್ರ ಪೌತ್ರ ಪಾರಂಪರ್ಯವಾಗಿ ಸುಖದಿಂದ ಅನುಭವಿಸಿಕೊಂಡು ಬರತಕ್ಕದ್ದು." ಪತ್ರ ಬರೆಯುವವರು ಕ್ರಯಪತ್ರದ ಒಕ್ಕಣೆಯನ್ನೇ ಇಲ್ಲೂ ಇಳಿಸಿದ್ದರು. ಶಾಲೆಗೆ ಎಲ್ಲಿಯ ಪುತ್ರ, ಎಲ್ಲಿಯ ಪೌತ್ರ? ಆಮೇಲೆ ನನ್ನ ಮಗ ನೆನಪಾದ. ಅವನ ಅಜ್ಜನೂ, ಅಂದರೆ ನಮ್ಮಪ್ಪನೂ, ಅದೇ ಶಾಲೆ.

ಗೊತ್ತಿರುವ ವಕೀಲರೊಬ್ಬರಿಗೆ ತೋರಿಸಿದೆ. ಪಹಣಿಯಲ್ಲಿ ಹೆಸರು ಯಾಕೆ ಬಂದಿಲ್ಲ ಅಂತ ಕೇಳಿದೆ. "ರಿಜಿಸ್ಟರ್ ಮಾಡಿದವರು ಒಂದು ಇಲಾಖೆ, ಪಹಣಿ ಬರೆಯೋರು ಇನ್ನೊಂದು. ಆಗೆಲ್ಲ ಯಾರಾದ್ರೂ ಪತ್ರ ಹಿಡ್ಕೊಂಡು ಗ್ರಾಮ ಲೆಕ್ಕಿಗರ ಹತ್ರ ಹೋಗಿ ಖಾತೆ ಮಾಡ್ಸಿ ಅಂತ ಕೇಳ್ಬೇಕಿತ್ತು. ಯಾರು ಹೋಗ್ತಾರೆ? ಕೊಟ್ಟೋರಿಗೆ ಕೊಟ್ಟಾಯ್ತು, ಮೇಷ್ಟ್ರು ಟ್ರಾನ್ಸ್‌ಫರ್ ಆದ್ರು." ಈಗ ರಿಜಿಸ್ಟರ್ ಆದ ಕೂಡಲೇ ಮಾಹಿತಿ ತಾನಾಗೇ ಕಂಪ್ಯೂಟರಿನಲ್ಲಿ ಪಹಣಿ ಇಡುವ 'ಭೂಮಿ' ತಂತ್ರಾಂಶಕ್ಕೆ ಹೋಗುತ್ತದೆ. 1969ರಲ್ಲಿ ಕಾಗದ ತಾನಾಗಿ ಎಲ್ಲಿಗೂ ಹೋಗುತ್ತಿರಲಿಲ್ಲ.

ಅವರು ಇನ್ನೊಂದು ಹೇಳಿದರು, ಅದು ನನಗೆ ಹೊಸದು. ಪಹಣಿ ಅಂದರೆ ಹಕ್ಕುಪತ್ರ ಅಲ್ಲ, ಕಂದಾಯಕ್ಕಾಗಿ ಇಟ್ಟ ಲೆಕ್ಕ ಅಷ್ಟೇ. ಹಕ್ಕು ಇರುವುದು ದಾನಪತ್ರದಲ್ಲಿ. 1882ರ ಆಸ್ತಿ ವರ್ಗಾವಣೆ ಕಾಯಿದೆ ಪ್ರಕಾರ ಸ್ಥಿರಾಸ್ತಿ ದಾನಕ್ಕೆ ನೋಂದಣಿ ಬೇಕು, ದಾನಿಯ ರುಜು ಬೇಕು, ಇಬ್ಬರು ಸಾಕ್ಷಿ ಬೇಕು. ಮೂರೂ ಇದೆ. ಮನಸ್ಸು ಬದಲಾಯಿತು ಅಂತ ವಾಪಸ್ ಕೇಳಲು ಆಗುವುದಿಲ್ಲ. "ಪಿತ್ರಾರ್ಜಿತ ಆಸ್ತಿ, ತಾತ ಒಬ್ಬರೇ ಹೇಗೆ ಕೊಟ್ಟರು ಅಂತ ಮೊಮ್ಮಗ ಕೇಳಿದರೆ?" ಅಂದೆ. ಮನೆಯ ಯಜಮಾನ ಧರ್ಮಕಾರ್ಯಕ್ಕೆ ಆಸ್ತಿಯಲ್ಲಿ ಒಂದು ಸಣ್ಣ ಪಾಲು ಕೊಡಬಹುದು, ಅದೂ ಅಲ್ಲದೆ ಐವತ್ತು ವರ್ಷ ಸುಮ್ಮನಿದ್ದು ಈಗ ಕೋರ್ಟಿಗೆ ಹೋದರೆ ಕಾಲಮಿತಿ ಕಾಯಿದೆ ಬಾಗಿಲಲ್ಲೇ ತಡೆಯುತ್ತದೆ ಅಂದರು. ಹಾಗಾದರೆ ನಾವು ಸುಮ್ಮನಿರಬಹುದಲ್ಲ ಅಂದದ್ದಕ್ಕೆ ನಕ್ಕರು. "ಇರಿ. ಆದ್ರೆ ಪಂಚಾಯ್ತಿ ನಿಮ್ಮನ್ನ ಕೇಳೋದು ಪಹಣೀನೇ." ಹಕ್ಕು ಒಂದು ಕಾಗದದಲ್ಲಿ, ಎಲ್ಲರೂ ಕೇಳುವುದು ಇನ್ನೊಂದು ಕಾಗದ. ಇದು ನನಗೆ ಇವತ್ತಿಗೂ ಜೀರ್ಣ ಆಗಿಲ್ಲ.

ಇಡೀ ಸರ್ವೆ ನಂಬರಿನಲ್ಲಿ ಒಂದು ಭಾಗ ಮಾತ್ರ ಶಾಲೆಯದು. ಅದನ್ನು ಅಳೆದು 11ಇ ನಕ್ಷೆ ಮಾಡಿಸದೆ ಖಾತೆ ಬದಲಾಗುವುದಿಲ್ಲ. ಅರ್ಜಿ ನಾನು ಹಾಕುವಂತಿಲ್ಲ, ಜಾಗ ಇಲಾಖೆಯದು. ಹೆಡ್ ಮೇಡಂ ಮೇಲಿನವರಿಗೆ ಬರೆದರು, ಅವರು ಅವರ ಮೇಲಿನವರಿಗೆ ಬರೆದರು. ಈ ಏಳು ತಿಂಗಳ ಬಗ್ಗೆ ಹೇಳಲು ಏನೂ ಇಲ್ಲ. ಹೆಂಗಸರು ಮಾತ್ರ ಪ್ರತಿ ಮೀಟಿಂಗ್‌ನಲ್ಲೂ "ಸರ್ವೆ ಏನಾಯ್ತು ಮೇಡಂ?" ಅಂತ ಕೇಳಿ ಪುಸ್ತಕದಲ್ಲಿ ಬರೆಸಿದರು. ಅದೇ ಏಳು ನಡಾವಳಿಯ ಜೆರಾಕ್ಸ್ ಕೊನೆಗೆ ಕೆಲಸಕ್ಕೆ ಬಂತು.

ಸರ್ವೆಯವರು ಬಂದ ದಿನ ನಮ್ಮ ಮನೆಯಲ್ಲಿ ಹುಳು ನಾಲ್ಕನೇ ಜ್ವರ ಎದ್ದು, ಅಂದರೆ ಕೊನೆಯ ಸಲ ಪೊರೆ ಬಿಟ್ಟು, ಮೂರು ದಿನ ಆಗಿತ್ತು. ಹುಳು ಸಾಕುವವರಿಗೆ ಗೊತ್ತು, ಆ ಹೊತ್ತಿನಲ್ಲಿ ಮನೆಯಲ್ಲಿ ಹೆಣ ಬಿದ್ದರೂ ಮೊದಲು ಸೊಪ್ಪು ಹಾಕಿ ಆಮೇಲೆ ಅಳಬೇಕು. ಹೆಂಡತಿಗೆ ಒಪ್ಪಿಸಿ ಓಡಿದೆ. ಅಕ್ಕಪಕ್ಕದವರಿಗೆಲ್ಲ ನೋಟಿಸ್ ಹೋಗಿತ್ತು. ಮೊಮ್ಮಗ ಬಂದಿದ್ದ, ಟೀ ಅಂಗಡಿಯವರೂ ಎದ್ದು ಬಂದಿದ್ದರು. ಅಳೆಯುವವರು ಹುಣಸೇಮರದ ನೆರಳಲ್ಲಿ ಹಳೇ ಟಿಪ್ಪಣಿಯ ಪ್ರತಿ ಬಿಡಿಸಿದರು. ಗುಂಟೆ ಅಂದರೆ ಮೂವತ್ತಮೂರು ಅಡಿ ಉದ್ದ, ಮೂವತ್ತಮೂರು ಅಡಿ ಅಗಲ. ಎಲ್ಲೆಯ ಬಾಂದು ಕಲ್ಲು ಹುಡುಕಲು ಅರ್ಧ ಗಂಟೆ ಹಿಡಿಯಿತು, ಲಂಟಾನ ಪೊದೆಯೊಳಗಿತ್ತು. ಅಲ್ಲಿಂದ ಸರಪಳಿ ಎಳೆದರು. ಐದನೇ ಕ್ಲಾಸಿನ ಮಕ್ಕಳು ಕಿಟಕಿಯಲ್ಲಿ ಸಾಲಾಗಿ ನಿಂತಿದ್ದರು. ಮೇಡಂ ಅವರನ್ನು ಹೊರಗೇ ಕರೆದು, "ನೋಡ್ಕೊಳ್ಳಿ, ಕ್ಷೇತ್ರಫಲ ಅಂದ್ರೆ ಇದೇ" ಅಂದರು.

ಪಶ್ಚಿಮಕ್ಕೆ ಓಣಿ, ಸರಿ. ಉತ್ತರಕ್ಕೆ ಹುಣಸೇಮರ, ಸರಿ. ಪೂರ್ವಕ್ಕೆ ಮೊಮ್ಮಗನ ಬೇಲಿ ಒಂದೂ ಮುಕ್ಕಾಲು ಗುಂಟೆ ಒಳಗೆ ಬಂದಿತ್ತು. ಜನ ಗುಸುಗುಸು ಅಂದರು. ಅವನು ನೆಲ ನೋಡಿದ. ಆಮೇಲೆ ದಕ್ಷಿಣ.

ದಾನಪತ್ರದ ಚೆಕ್ಕುಬಂದಿಯಲ್ಲಿ, ಅಂದರೆ ನಾಲ್ಕು ದಿಕ್ಕಿನ ಎಲ್ಲೆ ಬರೆದ ಕಡೆ, ದಕ್ಷಿಣಕ್ಕೆ ನಮ್ಮ ತಾತನ ಜಮೀನು ಅಂತ ಇದೆ. ಬಸ್‌ಸ್ಟ್ಯಾಂಡ್‌ನಲ್ಲಿ ಮೂರು ಸಲ ಓದಿದಾಗ ಅದನ್ನೂ ಓದಿದ್ದೆ. ಹೆಮ್ಮೆಪಟ್ಟಿದ್ದೆ. ಈಗ ಸರಪಳಿ ನಮ್ಮ ಕಡೆ ಬರುತ್ತಾ ಬರುತ್ತಾ ನಿಲ್ಲಬೇಕಾದಲ್ಲಿ ನಿಲ್ಲಲಿಲ್ಲ. ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆ ಒರಗಿಸುವ ನಮ್ಮ ಶೆಡ್ಡಿನ ಗೋಡೆ ಅಡ್ಡ ಬಂತು. "ಇದು ಯಾರ್ದು?" ಅಂದರು. ನಂದು ಅಂದೆ. "ಒಳಗೆ ಹೋಗ್ಬೇಕು" ಅಂದರು. ಸರಪಳಿ ಶೆಡ್ಡಿನೊಳಗೆ ಹೋಗಿ, ಸಾಲು ಕಲ್ಲುಕಂಬದಲ್ಲಿ ಎರಡು ದಾಟಿ, ಮೂರನೆಯದರ ಬುಡದಲ್ಲಿ ನಿಂತಿತು. ಅಲ್ಲೇ ಕೆಂಪು ಬಣ್ಣದಲ್ಲಿ ಒಂದು ಗೀಟು ಎಳೆದರು. ಶೆಡ್ಡು, ಪಕ್ಕದ ತಿಪ್ಪೆ ಎಲ್ಲ ಸೇರಿ ಒಂದೂ ಕಾಲು ಗುಂಟೆ.

"ಈಗ ಹೇಳಪ್ಪಾ ಮೆಂಬರ್ರೇ" ಅಂತ ಹಿಂದಿನಿಂದ ಯಾರೋ ಅಂದರು. ತಿರುಗಿ ನೋಡಲಿಲ್ಲ.

ಶೆಡ್ಡು ಕಟ್ಟಿದ್ದು ಅಪ್ಪ, 1996ರಲ್ಲಿ. ರಾತ್ರಿ ಕೇಳಿದೆ. ನಾನು ಜಗಳಕ್ಕೆ ತಯಾರಾಗೇ ಕೂತಿದ್ದೆ. ಅವರು ಸೊಪ್ಪಿನ ಕುಡುಗೋಲು ಕೆಳಗಿಟ್ಟರು. "ಗೊತ್ತಿತ್ತು" ಅಂದರು. "ಶಾಲೆ ಜಾಗ ಅಲ್ವಾ, ಯಾರ್ ಕೇಳ್ತಾರೆ ಅಂದ್ಕೊಂಡೆ. ಯಾರೂ ಕೇಳ್ಲಿಲ್ಲ." ಸ್ವಲ್ಪ ಹೊತ್ತು ಬಿಟ್ಟು, "ಈಗ ನೀನೇ ಕೇಳ್ತಿದೀಯ" ಅಂದರು. ಆ ಶಾಲೆಯಲ್ಲಿ ಓದಿದವರು, ದಾನ ಕೊಟ್ಟ ತಾತನಿಗೆ ಹಾರ ಹಾಕಿದವರು, ಮನೆಗೆ ಬಂದ ಮೇಷ್ಟ್ರಿಗೆ ಮಜ್ಜಿಗೆ ಕೊಡದೆ ಕಳಿಸದವರು. ಪಕ್ಕದ ಹೊಲದವರ ಒಂದು ಸಾಲು ರಾಗಿ ತುಳಿದರೆ ಹೋಗಿ ತಪ್ಪಾಯಿತು ಅನ್ನುವ ಮನುಷ್ಯ. ಶಾಲೆಯ ಜಾಗ ಮಾತ್ರ ಅವರ ಲೆಕ್ಕದಲ್ಲಿ ಯಾರದೂ ಆಗಿರಲಿಲ್ಲ. ಊರಿನದು ಅಂತ ಬಾಯಲ್ಲಿ ಎಲ್ಲರೂ ಹೇಳುತ್ತೇವೆ. ಬಾಂದು ಕಲ್ಲಿನ ಸುತ್ತ ಲಂಟಾನ ಬೆಳೆದರೆ ಕಡಿಯುವವರು ಯಾರೂ ಇರುವುದಿಲ್ಲ.

ಗೂಡು ಬಿಡಿಸಿದ ಮೇಲೆ ಶೆಡ್ಡು ತೆಗೆಯುವುದು ಅಂತಾಯಿತು. ಹೆಂಡತಿ ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ. ಮಳೆಗಾಲದಲ್ಲಿ ಹಣ್ಣಾದ ಹುಳು ಬಿಟ್ಟ ಚಂದ್ರಿಕೆ ಎಲ್ಲಿ ನಿಲ್ಲಿಸುವುದು ಅನ್ನುವುದು ಅವಳ ಪ್ರಶ್ನೆ. ನ್ಯಾಯವಾದದ್ದೇ. ನಾನು ಮೀಟಿಂಗ್‌ನಲ್ಲಿ ದೊಡ್ಡ ಮಾತಾಡಿ ಬರುವಾಗ ಸೊಪ್ಪು ಹೊತ್ತವಳು ಅವಳು.

ನಕ್ಷೆ ಬಂತು, ಖಾತೆ ಬದಲಾವಣೆಗೆ ಅರ್ಜಿ ಹೋಯಿತು, ಚಾವಡಿಯಲ್ಲಿ ನೋಟಿಸ್ ಅಂಟಿಸಿದರು. ಮೊಮ್ಮಗ ತಕರಾರು ಹಾಕಿದ. ಪೇಪರ್ ತೋರಿಸಿದರೆ ಸೈನ್ ಹಾಕುತ್ತೇನೆ ಅಂದಿದ್ದವನು. ತೋರಿಸಿದ್ದೆ, ಓದಿಯೂ ಇದ್ದ. "ಭಾವ, ಬೇಜಾರಾಗ್ಬೇಡಿ, ಮನೇಲಿ ಹೇಳ್ತಾರೆ ಕಾನೂನು ಇರೋದೇ ಕೇಳೋಕೆ ಅಂತ" ಅಂದ. ತಕರಾರು ಬಂದರೆ ಎರಡೂ ಕಡೆಯವರನ್ನು ಕರೆದು ಕೇಳಬೇಕು. ಮೊದಲ ಸಲ ವಿಚಾರಣೆ ಮಾಡಬೇಕಾದ ಸಾಹೇಬರು ಎಲೆಕ್ಷನ್ ಕೆಲಸದ ಮೇಲೆ ಹೋಗಿದ್ದರು, ಎರಡನೇ ಸಲ ಫೈಲ್ ಬೇರೆ ಟೇಬಲ್‌ನಲ್ಲಿತ್ತು.

ಮೂರನೇ ಸಲ ಒಂದು ವಿಷಯ ನಡೆಯಿತು. ತಾತನ ವಾರಸುದಾರರು ಅಂತ ಅವರ ಮಗಳಿಗೂ ನೋಟಿಸ್ ಹೋಗಿತ್ತು. ಚಿಂತಾಮಣಿ ಕಡೆ ಮದುವೆ ಮಾಡಿಕೊಟ್ಟಿದ್ದ ಅಜ್ಜಿ, ಎಪ್ಪತ್ತೈದರ ಮೇಲೆ. ಹೆಣ್ಣುಮಕ್ಕಳಿಗೂ ಸಮಪಾಲು ಅಂತ 2005ರಲ್ಲಿ ಕಾಯಿದೆ ತಿದ್ದಿದ ಮೇಲೆ ಅವರ ಮಾತಿಗೂ ತೂಕ ಬಂದಿದೆ. ಮೊಮ್ಮಗನೇ ಅತ್ತೆಯನ್ನು ಕಾರಿನಲ್ಲಿ ಕರೆದುಕೊಂಡು ಬಂದಿದ್ದ, ತನ್ನ ಪರ ಹೇಳುತ್ತಾರೆ ಅಂತಲೇ. ಸಾಹೇಬರು, "ಅಮ್ಮಾ, ನಿಮ್ಮ ತಕರಾರು ಏನು?" ಅಂದರು. ಅಜ್ಜಿ ಸೆರಗಿನಲ್ಲಿ ಮುಖ ಒರೆಸಿಕೊಂಡರು. "ಮಾ ನಾಯನ ಇಚ್ಚಿಂದಿ. ಇಚ್ಚಿಂದಿ ಇಚ್ಚಿಂದೇ" ಅಂದರು. ಸಾಹೇಬರು ಬೇರೆ ಜಿಲ್ಲೆಯವರು, ತೆಲುಗು ಬರಲಿಲ್ಲ, ಸುತ್ತ ನೋಡಿದರು. ಯಾರೂ ಬಾಯಿ ಬಿಡದ ಕಾರಣ ನಾನೇ ಹೇಳಬೇಕಾಯಿತು. "ನಮ್ಮಪ್ಪ ಕೊಟ್ಟಿದ್ದು, ಕೊಟ್ಟಿದ್ದು ಕೊಟ್ಟಿದ್ದೇ ಅಂತಿದ್ದಾರೆ ಸಾರ್." ಎದುರು ಪಕ್ಷದವನು ನಾನು, ನಾನೇ ದುಭಾಷಿ. ಸಾಹೇಬರು ಮೊಮ್ಮಗನ ಕಡೆ ನೋಡಿದರು. ಅವನು ಹೌದು ಅಂತ ತಲೆ ಆಡಿಸಿದ, ಅನುವಾದ ಸರಿ ಇದೆ ಅನ್ನುವ ಹಾಗೆ.

ಹೊರಗೆ ಬಂದಾಗ ಅಜ್ಜಿ ಇನ್ನೊಂದು ಹೇಳಿದರು. ಆ ಶಾಲೆಯೊಳಗೆ ಅವರು ಒಂದು ದಿನವೂ ಕೂತಿಲ್ಲ. ಆಗ ಹುಡುಗಿಯರನ್ನು ಕಳಿಸುತ್ತಿರಲಿಲ್ಲ. ಗೋಡೆಗೆ ಮಣ್ಣು ಕಲಸುವಾಗ ನೀರು ಹೊತ್ತಿದ್ದರಂತೆ.

ಆದೇಶ ಆಗಿ ಪಹಣಿ ಬಂದದ್ದು 2024ರ ಡಿಸೆಂಬರ್‌ನಲ್ಲಿ. ಒಂಬತ್ತನೇ ಕಾಲಂನಲ್ಲಿ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ, ವಿಸ್ತೀರ್ಣ 0.20, ಅಂದರೆ ಇಪ್ಪತ್ತು ಗುಂಟೆ. ಒಟ್ಟು ಖರ್ಚು ಆರು ಸಾವಿರದ ಚಿಲ್ಲರೆ, ಅದರಲ್ಲಿ ಬಸ್‌ಚಾರ್ಜು, ಜೆರಾಕ್ಸೇ ಜಾಸ್ತಿ. ಮೊಮ್ಮಗ ಮೇಲ್ಮನವಿಗೆ ಉಪವಿಭಾಗಾಧಿಕಾರಿ ಹತ್ತಿರ ಹೋಗಬಹುದಿತ್ತು, ಹೋಗಲಿಲ್ಲ. ಬೇಲಿಯನ್ನು ಒಂದು ರಾತ್ರಿ ತಾನೇ ಹಿಂದಕ್ಕೆ ಹಾಕಿಕೊಂಡ, ಒಂದೂವರೆ ಗುಂಟೆಯಷ್ಟು. ಉಳಿದ ಕಾಲು ಗುಂಟೆಯಲ್ಲಿ ಅವನ ತೆಂಗಿನ ಗಿಡ ಇದೆ. ಹೆಂಗಸರು ಮೀಟಿಂಗ್‌ನಲ್ಲಿ "ಗಿಡ ಇರ್ಲಿ, ಕಾಯಿ ಶಾಲೆಗೆ" ಅಂತ ಬರೆಸಿದ್ದಾರೆ. ಅದು ಯಾವ ಕಾಯಿದೆಯಲ್ಲೂ ಇಲ್ಲ. ಡೈರಿ ಮುಂದೆ ಸಿಕ್ಕರೆ ಅವನು ಈಗ ಭಾವ ಅನ್ನುವುದಿಲ್ಲ, ತಲೆ ಆಡಿಸುತ್ತಾನೆ.

ಪಹಣಿ ಹಿಡಿದು ಪಂಚಾಯ್ತಿಗೆ ಹೋದೆವು. ಹಳೇ ಪಿಡಿಒ ಟ್ರಾನ್ಸ್‌ಫರ್ ಆಗಿದ್ದರು. ಹೊಸಬರು ನೋಡಿದರು, ಚೆನ್ನಾಗಿದೆ ಅಂದರು. ಈ ವರ್ಷದ ಕ್ರಿಯಾ ಯೋಜನೆ ಮುಗಿದು ಹೋಗಿದೆ, ಮುಂದಿನ ಗ್ರಾಮಸಭೆಯಲ್ಲಿ ಮತ್ತೆ ಹೆಸರು ಹಾಕಿಸಿ ಅಂದರು. ಹಾಕಿಸಿದ್ದೇವೆ.

ನಮ್ಮ ಶೆಡ್ಡಿನ ಕಲ್ಲುಕಂಬಗಳು ಮನೆಯ ಹಿಂದೆ ಮಲಗಿವೆ. ಕೆಂಪು ಗೀಟು ಇರುವುದು ಒಂದು ಮಾತ್ರ ಅಲ್ಲೇ ನಿಂತಿದೆ, ಎಲ್ಲೆ ತೋರಿಸಲು. ಕಾಂಪೌಂಡ್ ಇನ್ನೂ ಬಂದಿಲ್ಲ. ಬೆಳಿಗ್ಗೆ ಎಮ್ಮೆಗಳು ಎಂದಿನಂತೆ ಅಂಗಳ ದಾಟಿ ಕೆರೆಗೆ ಹೋಗುತ್ತವೆ. ಅದರಲ್ಲಿ ಎರಡು ನಮ್ಮವೇ.